ಗೊತ್ತಿಲ್ಲ ಅನ್ನುವ ಸಂಕಟ

ಕೇಳುಗರೆ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಅಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ವೈದ್ಯರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಒಂಬತ್ತು ದಿನ ಬೇಕು ಎಂದರು. ಆ ದಿನಗಳಲ್ಲಿ ನನ್ನ ಕೈಗಳು ಕೆಲಸ ಮಾಡುತ್ತಿದ್ದವು, ಮನಸ್ಸು ಮಾತ್ರ ಒಂಬತ್ತನೇ ದಿನಕ್ಕೆ ಹೋಗಿ ಕೂತಿತ್ತು. ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಕಾಯಿಲೆಗಳ ಬಗ್ಗೆ ಓದುತ್ತಿದ್ದೆ. ಒಂದು ರಾತ್ರಿ ಹೀಗೂ ಅನ್ನಿಸಿತು: ಕೆಟ್ಟ ಸುದ್ದಿಯೇ ಆಗಲಿ, ನಾಳೆಯೇ ತಿಳಿದುಬಿಡಲಿ. ಮರುಕ್ಷಣವೇ ನಾಚಿಕೆಯಾಯಿತು. ಅಮ್ಮನಿಗೆ ಕೆಟ್ಟದ್ದು ಬಯಸಿದ ಹಾಗಾಯಿತಲ್ಲ ಅಂತ.

ಇಂಥ ಯೋಚನೆ ನಿಮಗೂ ಬಂದಿರಬಹುದು. ಕೆಲಸ ಉಳಿಯುತ್ತದೋ ಇಲ್ಲವೋ, ಪರೀಕ್ಷೆಯಲ್ಲಿ ಪಾಸೋ ಫೇಲೋ, ಮಕ್ಕಳ ಮುಂದಿನ ದಾರಿ ಏನು? ಕಾದು ಕಾದು ಸಾಕಾಗಿ, 'ಏನಾದರೊಂದು ಆಗಿಬಿಡಲಿ' ಅನ್ನುತ್ತೇವೆ. ಇದು ಕೆಟ್ಟತನ ಅಲ್ಲ, ನಮ್ಮ ಮೈಮನಸ್ಸು ಇರುವುದೇ ಹಾಗೆ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 45 ಮಂದಿ ಕಂಪ್ಯೂಟರಿನಲ್ಲಿ ಒಂದು ಆಟ ಆಡಿದರು. ಪರದೆಯ ಮೇಲೆ ಕಲ್ಲು ಕಾಣುತ್ತದೆ, ಅದರ ಕೆಳಗೆ ಹಾವು ಇದೆಯೋ ಇಲ್ಲವೋ ಅವರು ಊಹಿಸಬೇಕು. ಹಾವು ಇದ್ದರೆ ಕೈಗೆ ನೋಯುವಂಥ ಕರೆಂಟ್ ಶಾಕ್. ಅವರ ಬೆವರು, ಕಣ್ಣಿನ ಪಾಪೆಯ ಅಗಲ ಅಳೆದು, ಒತ್ತಡ ಎಷ್ಟಿದೆ ಎಂದು ನೋಡಿದರು. ಶಾಕ್ ಖಂಡಿತ ಹೊಡೆಯುತ್ತದೆ ಎಂದು ಗೊತ್ತಿದ್ದಾಗ ಒತ್ತಡ ಜಾಸ್ತಿ ಇರಬೇಕಿತ್ತು ಅಲ್ವಾ? ಇರಲಿಲ್ಲ. ಹೊಡೆಯಬಹುದು, ಹೊಡೆಯದೆಯೂ ಇರಬಹುದು, ಎರಡಕ್ಕೂ ಅರ್ಧರ್ಧ ಅವಕಾಶ ಎಂಬಲ್ಲಿ ಒತ್ತಡ ಎಲ್ಲಕ್ಕಿಂತ ಹೆಚ್ಚಾಗಿತ್ತು.

ಇದನ್ನು ತಿಳಿದ ಮೇಲೆ ನನ್ನ ಆ ರಾತ್ರಿ ನನಗೆ ಅರ್ಥವಾಯಿತು. ನಾನು ಹುಡುಕುತ್ತಿದ್ದದ್ದು ಒಂದು ಖಾತ್ರಿಯನ್ನು. ಆದರೆ ಆ ಖಾತ್ರಿ ಮೊಬೈಲಿನಲ್ಲಿ ಇರಲಿಲ್ಲ, ಯಾರ ಬಾಯಲ್ಲೂ ಇರಲಿಲ್ಲ. 'ಏನೂ ಆಗಲ್ಲ ಅಲ್ವಾ?' ಎಂದು ತಮ್ಮನನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. 'ಏನೂ ಆಗಲ್ಲ' ಅನ್ನುತ್ತಿದ್ದ. ಸ್ವಲ್ಪ ಹೊತ್ತು ಹಗುರ. ಆಮೇಲೆ ಮತ್ತೆ ಕೇಳಬೇಕು ಅನ್ನಿಸುತ್ತಿತ್ತು. ಹಾಗೆ ಕೇಳಿದಷ್ಟೂ, ಹುಡುಕಿದಷ್ಟೂ, ಗೊತ್ತಿಲ್ಲದೆ ಇರುವ ಶಕ್ತಿ ನಮ್ಮಲ್ಲಿ ಕುಗ್ಗುತ್ತಾ ಹೋಗುತ್ತದೆ.

ಇಲ್ಲಿ ಒಂದು ಮಾತು. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ ಅನ್ನುತ್ತಾರೆ. ದಯವಿಟ್ಟು ಚಿಂತೆಯಲ್ಲಿ ಇರುವವರಿಗೆ ಇದನ್ನು ಹೇಳಬೇಡಿ. ಇರುವ ಚಿಂತೆಯ ಜೊತೆಗೆ 'ನಾನು ಚಿಂತೆ ಮಾಡುತ್ತಿದ್ದೇನಲ್ಲ' ಎಂಬ ಇನ್ನೊಂದು ಚಿಂತೆ ಸೇರುತ್ತದೆ ಅಷ್ಟೆ. 'ಯೋಚನೆ ಮಾಡಬೇಡ' ಅನ್ನುವುದೂ ಅಷ್ಟೇ. ಬೇಡ ಅಂದ ಯೋಚನೆ ಬಾಗಿಲ ಹತ್ತಿರವೇ ನಿಂತಿರುತ್ತದೆ.

ಬೇಡ ಅನ್ನುವ ಬದಲು, ಆಮೇಲೆ ಅನ್ನಬಹುದು. 1983ರಲ್ಲಿ ಥಾಮಸ್ ಬೊರ್ಕೊವೆಕ್ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಒಂದು ಕ್ರಮವಾಗಿ ಮಾಡಿ ನೋಡಿದರು. ದಿನಕ್ಕೆ ಅರ್ಧ ಗಂಟೆ ಚಿಂತೆಗೆಂದೇ ಇಡುವುದು. ಅದೇ ಹೊತ್ತು, ಅದೇ ಜಾಗ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ, 'ಸಂಜೆ ಆರಕ್ಕೆ ಬಾ' ಎಂದು ಹೇಳಿ ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಆರಕ್ಕೆ ನಿಜವಾಗಿಯೂ ಕೂತು ಯೋಚಿಸುವುದು. ಮಲಗುವ ಹಾಸಿಗೆಯ ಮೇಲೆ ಮಾತ್ರ ಬೇಡ.

ನನ್ನ ಗೆಳತಿಯೊಬ್ಬಳು ಐದನೇ ದಿನ ಇದನ್ನು ನನಗೆ ಹೇಳಿಕೊಟ್ಟಳು. ಸುಮ್ನೆ ಕೂರಬೇಡ, ಪೆನ್ನು ಹಿಡಿದು ಕೂರು ಅಂದಳು. ಬರೆಯಲು ಕೂತಾಗ ತಿಳಿಯಿತು, ತಲೆಯೊಳಗೆ ನೂರಾರು ಅನ್ನಿಸಿದ್ದು ಕಾಗದದ ಮೇಲೆ ಆರೇಳು ಸಾಲು. ಅದರಲ್ಲಿ ಮೂರಕ್ಕೆ ನಾನು ಏನಾದರೂ ಮಾಡಬಹುದಿತ್ತು: ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು, ರಜೆಯ ಅರ್ಜಿ, ಹಣದ ಲೆಕ್ಕ. ಉಳಿದವು ಬರೀ 'ಒಂದು ವೇಳೆ'ಗಳು. ಅವನ್ನು ಹಾಗೇ ಬಿಟ್ಟೆ. ಮೊದಲ ಸಂಜೆ ಕಷ್ಟವಾಯಿತು. ಮೂರನೇ ಸಂಜೆ ಅರ್ಧ ಗಂಟೆ ಪೂರ್ತಿ ಬೇಕಾಗಲಿಲ್ಲ.

2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ತೀರಾ ಚಿಂತೆಯಿಂದ ಬಳಲುತ್ತಿದ್ದ 29 ಮಂದಿ ತಮ್ಮ ಚಿಂತೆಗಳನ್ನು ಬರೆದಿಟ್ಟು, ಅವು ನಿಜವಾದವೋ ಇಲ್ಲವೋ ನೋಡುತ್ತಾ ಹೋದರು. ನೂರಕ್ಕೆ 91ರಷ್ಟು ನಿಜವಾಗಲಿಲ್ಲ. ಇದು ಧೈರ್ಯ ಕೊಡುವ ಮಾತು. ಆದರೆ ಉಳಿದವು ನಿಜವಾದವು, ಅದನ್ನೂ ಹೇಳಬೇಕು. ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ನಿಮಗೆ ಮಾತು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ. ತಿಂಗಳುಗಟ್ಟಲೆ, ಹೆಚ್ಚುಕಡಿಮೆ ದಿನವೂ ಚಿಂತೆ ಬಿಡದಿದ್ದರೆ, ನಿದ್ದೆ ಹೋಗಿ ಮೈಯೆಲ್ಲ ಬಿಗಿದುಕೊಂಡಿದ್ದರೆ, ಅರ್ಧ ಗಂಟೆಯ ಉಪಾಯ ಸಾಲದು. ಮನೋವೈದ್ಯರ ಹತ್ತಿರ ಹೋಗಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಎಂಟನೇ ದಿನ ಅಮ್ಮ ಕಿಟಕಿಯ ಹತ್ತಿರ ಕೂತು ನನ್ನ ಹಳೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನ ಮುಖ ನೋಡಿ ಹೇಳಿದಳು: "ಅಳುವಂಥದ್ದೇ ಆದರೆ ನಾಳೆ ಇಬ್ಬರೂ ಸೇರಿ ಅಳೋಣ. ಈಗ ಈ ಸೂಜಿಗೆ ದಾರ ಪೋಣಿಸಿಕೊಡು. ನನಗೆ ಕಣ್ಣು ಕಾಣ್ತಿಲ್ಲ."

ಪೋಣಿಸಿಕೊಟ್ಟೆ. ಮೂರು ಸಲ ತಪ್ಪಿತು.

ಮರುದಿನ ವರದಿ ಬಂತು. ಶಸ್ತ್ರಚಿಕಿತ್ಸೆ ಬೇಕು ಎಂದರು. ನಾನು ರಾತ್ರಿಗಳಲ್ಲಿ ಓದಿದ್ದು ಒಂದೂ ಅವತ್ತು ನೆನಪಿಗೆ ಬರಲಿಲ್ಲ. ಐದನೇ ದಿನ ಪ್ರಶ್ನೆಗಳನ್ನು ಬರೆದಿದ್ದ ಚೀಟಿ ಚೀಲದಲ್ಲಿತ್ತು. ಅದನ್ನು ತೆಗೆದು ಒಂದೊಂದಾಗಿ ಕೇಳಿದೆ. ವೈದ್ಯರು ಹೇಳಿದ್ದನ್ನೆಲ್ಲ ಅಮ್ಮ ನನ್ನ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಆಮೇಲೆ ಅವಳೇ ಇನ್ನೊಂದು ಪ್ರಶ್ನೆ ಕೇಳಿದಳು, ನನ್ನ ಚೀಟಿಯಲ್ಲಿ ಇಲ್ಲದ್ದು: "ಮನೆಗೆ ಯಾವತ್ತು ಹೋಗಬಹುದು?"

ನಮಸ್ಕಾರ.