ಹಿಮ ತರುವ ಸಂತರು

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳ ಮೊದಲ ವಾರದಲ್ಲಿ ಬಿಸಿಲು ಎಷ್ಟೇ ಹಿತವಾಗಿರಲಿ, ಜರ್ಮನಿಯ ಪಳಗಿದ ತೋಟಗಾರರು ಟೊಮೆಟೊ ಸಸಿಯನ್ನು ಬಯಲಿಗೆ ಇಳಿಸಲು ಹಿಂಜರಿಯುತ್ತಾರೆ. ಸೋಫಿ ದಾಟುವ ತನಕ ರಾತ್ರಿಯ ಹಿಮದ ಭಯ ತಪ್ಪಿದ್ದಲ್ಲ ಎಂಬ ಗಾದೆ ಅಲ್ಲಿದೆ. ಸೋಫಿ ಎಂದರೆ ಸಂತ ಸೋಫಿಯಾ. ಅವರ ಹಬ್ಬ ಮೇ 15. ಅದಕ್ಕೂ ಮೊದಲು 11ರಂದು ಮಮೆರ್ತುಸ್, 12ರಂದು ಪಾಂಕ್ರಾಸ್, 13ರಂದು ಸೆರ್ವಾಸ್, 14ರಂದು ಬೋನಿಫಾಸ್. ಈ ಐವರಿಗೆ ಹಿಮದ ಸಂತರು ಎಂದು ಹೆಸರು. ಫ್ರಾನ್ಸ್, ಪೋಲೆಂಡ್, ಹಂಗೇರಿಗಳಲ್ಲಿಯೂ ಇದೇ ನಂಬಿಕೆ ಇದೆ, ಸಂತರ ಸಂಖ್ಯೆ ಮಾತ್ರ ಅಲ್ಲಲ್ಲಿ ಹೆಚ್ಚು ಕಡಿಮೆ. ಚೆಕ್ ಜನರಂತೂ ನಡುವಿನ ಮೂವರನ್ನು ಒಬ್ಬನೇ ವ್ಯಕ್ತಿಯಾಗಿ ಬೆಸೆದು ಪಾನ್ ಸೆರ್ಬೋನಿ ಎಂದು ಕರೆದರು. ಹಿಮದಿಂದ ಮರಗಳನ್ನು ಸುಡುವವನು ಅವನೇ ಎನ್ನುತ್ತಾರೆ.

ಈ ಸಂತರ ಬಾಳಿಗೂ ಹವೆಗೂ ಯಾವ ನಂಟೂ ಇಲ್ಲ. ಪಾಂಕ್ರಾಸ್ ರೋಮಿನಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟ ಹದಿನಾಲ್ಕರ ಹುಡುಗ ಎನ್ನುತ್ತದೆ ಪರಂಪರೆ. ಸೆರ್ವಾಸ್ ನಾಲ್ಕನೆಯ ಶತಮಾನದ ಬಿಷಪ್. ಅವರ ಸಮಾಧಿ ಮಾಸ್ಟ್ರಿಕ್ಟ್ ನಗರದಲ್ಲಿದೆ. ಅವರ ಹಬ್ಬಗಳು ಬೀಳುವ ದಿನಗಳು ರೈತನಿಗೆ ಕಷ್ಟದ ದಿನಗಳಾಗಿದ್ದವು, ಅಷ್ಟೇ. ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ, ಓದು ಬಾರದ ಬೇಸಾಯಗಾರನಿಗೆ ತಾರೀಖು ತಿಳಿಯುತ್ತಿದ್ದುದು ಇಗರ್ಜಿಯ ಗಂಟೆಯಿಂದ, ಆ ದಿನ ಯಾವ ಸಂತರ ಪೂಜೆ ಎಂಬುದರಿಂದ. ಗೇಣಿ ಸಲ್ಲಿಸಲು ನವೆಂಬರ್ 11ರ ಸಂತ ಮಾರ್ಟಿನರ ದಿನ ಗೊತ್ತುಮಾಡಿಕೊಂಡಿದ್ದ ಊರುಗಳು ಯೂರೋಪಿನಲ್ಲಿ ಬಹಳ. ಗೇಣಿಗೆ ಸಂತನ ಹೆಸರು ಸಾಕಾದರೆ ಮಳೆಗೆ, ಬಿಸಿಲಿಗೆ, ಹಿಮಕ್ಕೆ ಏಕೆ ಸಾಲದು?

ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳಿಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆಯ ಲೆಕ್ಕ ಹಾಕಿದ್ದು ಇಂಥದೇ ಜ್ಞಾನ. ವ್ಯತ್ಯಾಸವೊಂದಿದೆ. ನಮ್ಮ ಒಂದೊಂದು ಮಳೆ ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನಗಳ ಅವಕಾಶವಿದೆ. ಹವೆ ಸ್ವಲ್ಪ ಹಿಂದೆ ಮುಂದೆ ಆದರೂ ಮಾತು ಸುಳ್ಳಾಗುವುದಿಲ್ಲ. ಯೂರೋಪಿನ ಗಾದೆ ಒಂದೇ ದಿನಕ್ಕೆ ಗೂಟ ಹೊಡೆದು ಕಟ್ಟಿತು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ.

ಆ ಗೂಟವೇ ಒಮ್ಮೆ ಜಾಗ ಬದಲಿಸಿತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಪಂಚಾಂಗವನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನವೇ 15 ಆಯಿತು. ನಡುವಿನ ಹತ್ತು ದಿನಗಳು ಲೆಕ್ಕದಿಂದ ಬಿಟ್ಟುಹೋದವು. ಸಂತರ ಹಬ್ಬಗಳು ಹಳೆಯ ತಾರೀಖಿನಲ್ಲೇ ಉಳಿದವು, ಋತುವಿನ ಲೆಕ್ಕದಲ್ಲಿ ಮಾತ್ರ ಹತ್ತು ದಿನ ಮೊದಲೇ ಬರತೊಡಗಿದವು. ಅದಕ್ಕೆ ಸ್ವಲ್ಪ ಮೊದಲಿನ ಪಾಂಕ್ರಾಸರ ದಿನ ಇಂದಿನ ಲೆಕ್ಕದಲ್ಲಿ ಮೇ 22. ಡಿಸೆಂಬರ್ 13ರ ಸಂತ ಲೂಸಿಯ ರಾತ್ರಿಯೇ ವರ್ಷದ ಅತಿ ದೀರ್ಘ ರಾತ್ರಿ ಎಂಬ ಹಳೆಯ ಮಾತೂ ಇದಕ್ಕೆ ಸಾಕ್ಷಿ. ಹದಿನಾಲ್ಕನೆಯ ಶತಮಾನದಲ್ಲಿ ಅದು ನಿಜವೇ ಆಗಿತ್ತು. ಈ ಸಂಗತಿ ಮರೆತು ಗಾದೆಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಅನ್ಯಾಯವೆನಿಸುತ್ತದೆ.

ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಜುಲೈ 15ರ ಸಂತ ಸ್ವಿದನರ ದಿನ ಮಳೆ ಬಂದರೆ ನಲವತ್ತು ದಿನ ಮಳೆ ಎಂದು ಇಂಗ್ಲೆಂಡಿನಲ್ಲಿ ಹೇಳುತ್ತಾರೆ. ಅಲ್ಲಿನ ಹವಾಮಾನ ಇಲಾಖೆಯ 1861ರಿಂದೀಚಿನ ದಾಖಲೆಗಳಲ್ಲಿ ಅದು ಒಮ್ಮೆಯೂ ನಡೆದಿಲ್ಲ. ಆದರೆ ಜರ್ಮನಿಯಲ್ಲಿ ಜೂನ್ 27, ಎಫೆಸಸ್‌ನ ಗುಹೆಯಲ್ಲಿ ನಿದ್ರಿಸಿದ ಏಳು ಸಂತರ ದಿನ. ಅಂದಿನ ಹವೆ ಏಳು ವಾರ ನಿಲ್ಲುತ್ತದೆ ಎಂಬ ಮಾತಿನಲ್ಲಿ ತಿರುಳಿದೆ. ಹತ್ತು ದಿನ ಮುಂದಕ್ಕೆ ಸರಿಸಿ ಜುಲೈ ಮೊದಲ ವಾರವನ್ನು ಗಮನಿಸಿದರೆ ದಕ್ಷಿಣ ಜರ್ಮನಿಯಲ್ಲಿ ಅದು ಬಹುಪಾಲು ವರ್ಷ ಹೊಂದುತ್ತದೆ. ಎತ್ತರದ ಆಕಾಶದಲ್ಲಿ ವೇಗವಾಗಿ ಬೀಸುವ ಜೆಟ್ ಮಾರುತ ಆ ಹೊತ್ತಿಗೆ ಒಂದು ಹಾದಿ ಹಿಡಿದರೆ ವಾರಗಟ್ಟಲೆ ಅದೇ ಹಾದಿಯಲ್ಲಿ ಇರುವುದುಂಟು.

ಮೇ ತಿಂಗಳ ಹಿಮಕ್ಕೂ ಕಾರಣವಿದೆ. ಉತ್ತರ ಧ್ರುವದ ಕಡೆಯಿಂದ ತಣ್ಣನೆಯ ಗಾಳಿ ನುಗ್ಗುತ್ತದೆ; ಅದರ ಹಿಂದೆಯೇ ಮೋಡವಿಲ್ಲದ, ಗಾಳಿಯಾಡದ ರಾತ್ರಿ ಬಂದರೆ ನೆಲದ ಕಾವು ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ. ಬೆಳಗಿನ ಜಾವಕ್ಕೆ ಚಿಗುರು ಹೆಪ್ಪುಗಟ್ಟಿ ಕಪ್ಪಾಗಿರುತ್ತದೆ. ಇದು ಪ್ರತಿ ವರ್ಷ ಅದೇ ದಿನಗಳಲ್ಲಿ ನಡೆಯುವುದಿಲ್ಲ. ಆದರೂ ಮೇ ನಡುವಿನ ತನಕ ಕಾಯಿರಿ ಎಂಬ ಎಚ್ಚರಿಕೆ ಒಳ್ಳೆಯದೇ. ಒಂದು ವಾರ ತಡವಾದರೆ ಟೊಮೆಟೊ ಸಾಯುವುದಿಲ್ಲ, ಒಂದು ರಾತ್ರಿ ಹಿಮ ಬಿದ್ದರೆ ಸಾಯುತ್ತದೆ.

ದ್ರಾಕ್ಷಿ ಬೆಳೆಗಾರರ ಪಾಡು ಇದಕ್ಕಿಂತ ಕಠಿಣ. ಅವರ ಸಂತ ಉರ್ಬಾನ್, ಹಬ್ಬ ಮೇ 25. ಹಿಂದೆ ಕೆಲವು ಸೀಮೆಗಳಲ್ಲಿ ಆ ದಿನ ಬಿಸಿಲಿದ್ದರೆ ಅವರ ವಿಗ್ರಹಕ್ಕೆ ವೈನ್ ಅರ್ಪಿಸುತ್ತಿದ್ದರು, ಮಳೆ ಬಂದರೆ ವಿಗ್ರಹವನ್ನು ನೀರಿಗೆ ಎಸೆಯುತ್ತಿದ್ದರು. ಇಡೀ ವರ್ಷದ ಅನ್ನ ಒಂದು ದಿನದ ಆಕಾಶಕ್ಕೆ ತೂಗುಬಿದ್ದವರ ಸಿಟ್ಟು ಅದು. ಈಗ ಭೂಮಿ ಬಿಸಿಯಾಗುತ್ತಿರುವುದರಿಂದ ಬಳ್ಳಿಗಳು ಬೇಗನೆ ಚಿಗುರುತ್ತಿವೆ, ಹಿಮ ಮಾತ್ರ ಬರುವುದು ನಿಂತಿಲ್ಲ. 2021ರ ಏಪ್ರಿಲ್ ಮೊದಲ ಪಾದದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಹಿಮಕ್ಕೆ ಸುಟ್ಟುಹೋದಾಗ ಮಮೆರ್ತುಸರ ದಿನಕ್ಕೆ ಇನ್ನೂ ಒಂದು ತಿಂಗಳಿತ್ತು. ಚಿಗುರು ಕೆಲವು ದಿನವಾದರೂ ತಡವಾಗಲಿ ಎಂದು ಅನೇಕ ಬೆಳೆಗಾರರು ಈಗ ಬಳ್ಳಿ ಸವರುವ ಕೆಲಸವನ್ನೇ ಮುಂದೂಡುತ್ತಿದ್ದಾರೆ.

ನಮಸ್ಕಾರ.