ಪಿಕ್ ಕಿತ್ಕೊಂಡ ಮೇಲೆ ಶುರುವಾದ ಗಿಟಾರ್: ಹ್ಯೂಬರ್ಟ್ ಸಮ್ಲಿನ್

2011ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ನೂರು ಮಹಾನ್ ಗಿಟಾರಿಸ್ಟುಗಳ ಪಟ್ಟಿ ಹಾಕ್ತು. ಹೆಂಡ್ರಿಕ್ಸ್ ಇದ್ರು, ಕ್ಲಾಪ್ಟನ್ ಇದ್ರು, ಗೊತ್ತಿದ್ದ ವಿಷಯವೇ. 43ನೇ ಜಾಗದಲ್ಲಿ ಹ್ಯೂಬರ್ಟ್ ಸಮ್ಲಿನ್. ಯಾರಪ್ಪಾ ಇವ್ರು? ಜೀವಮಾನದ ಅರ್ಧ ಕೆಲಸ ಇನ್ನೊಬ್ಬರ ಪಕ್ಕದಲ್ಲಿ ನಿಂತು ಮಾಡಿದವರು ಅಲ್ಲಿಗೆ ಹೇಗೆ ಬಂದ್ರು?

ಹುಟ್ಟಿದ್ದು 1931, ಅಮೆರಿಕದ ಮಿಸಿಸಿಪಿ. ಬೆಳೆದಿದ್ದು ಅರ್ಕನ್ಸಾದಲ್ಲಿ. ಬಾಲ್ಯದ ಒಂದು ಕಥೆಯನ್ನ ಅವರೇ ಸಂದರ್ಶನಗಳಲ್ಲಿ ಹೇಳ್ತಿದ್ರು. ಬ್ಲೂಸ್ ಅಂದ್ರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ; ಅದರ ಹಾಡುಗಾರ ಹೌಲಿನ್ ವುಲ್ಫ್ ಹಾಡ್ತಿದ್ದ ಜಾಗಕ್ಕೆ ಮಕ್ಕಳನ್ನ ಬಿಡಲ್ಲ. ಹುಡುಗ ಕೋಕಾಕೋಲಾ ಪೆಟ್ಟಿಗೆಗಳನ್ನ ಒಂದರ ಮೇಲೊಂದು ಪೇರಿಸಿ ಹತ್ತಿ ಕಿಟಕಿಯಲ್ಲಿ ಇಣುಕಿದ. ಪೆಟ್ಟಿಗೆ ಜಾರಿತು, ಹುಡುಗ ದೊಪ್ಪಂತ ವೇದಿಕೆ ಮೇಲೆ! ವುಲ್ಫ್ ಅವನನ್ನ ಓಡಿಸಲಿಲ್ಲ. ಕೂರಿಸಿಕೊಂಡು ಹಾಡು ಕೇಳಿಸಿ, ಆಮೇಲೆ ಮನೆಗೆ ಬಿಟ್ಟು, ಹೊಡೀಬೇಡಿ ಅಂತ ಅಮ್ಮನ ಹತ್ರ ಶಿಫಾರಸೂ ಮಾಡಿದ್ರಂತೆ. 1954ರಲ್ಲಿ ಅದೇ ವುಲ್ಫ್, ಹ್ಯೂಬರ್ಟ್ ಅವರನ್ನ ಶಿಕಾಗೋಗೆ, ತಮ್ಮ ಬ್ಯಾಂಡಿಗೆ ಕರೆಸಿಕೊಂಡ್ರು.

ಈಗ ಅಸಲಿ ವಿಷಯ. ಆಗ ಹ್ಯೂಬರ್ಟ್ ಪಿಕ್, ಅಂದ್ರೆ ತಂತಿ ಮೀಟೋ ಪುಟ್ಟ ಬಿಲ್ಲೆ, ಹಿಡಿದು ನುಡಿಸ್ತಿದ್ರು. ವುಲ್ಫ್ ಆರಡಿ ದಾಟಿದ ಆಳು, ದನಿ ಅಂದ್ರೆ ಗಂಟಲಲ್ಲಿ ಜಲ್ಲಿಕಲ್ಲು ಉರುಳಿದ ಹಾಗೆ. ಅಂಥ ದನಿ ಮೇಲೂ ಈ ಹುಡುಗನ ಗಿಟಾರ್ ಹತ್ತಿ ಕೂರ್ತಿತ್ತು. ಒಂದು ರಾತ್ರಿ ವುಲ್ಫ್ ಮನೆಗೆ ಕಳಿಸೇಬಿಟ್ರು: ಪಿಕ್ ಬಿಟ್ಟು ನುಡಿಸೋದು ಕಲಿತು ಬಾ. ಹ್ಯೂಬರ್ಟ್ ಬೆರಳಲ್ಲೇ ನುಡಿಸೋಕೆ ಕೂತ್ರು.

ಮುದ್ದೆ ಊಟ ನೆನಪಿಸಿಕೊಳ್ಳಿ. ಚಮಚದಲ್ಲಿ ತಿಂದ್ರೆ ಮುದ್ದೆ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ನಾಲಿಗೆಗೆ ಹೋದ ಮೇಲೆ ಗೊತ್ತಾಗುತ್ತೆ. ಕೈ ಹಾಕಿದ್ರೆ ಬೆರಳಿಗೇ ಗೊತ್ತು. ಪಿಕ್ ಅಂದ್ರೆ ಆ ಚಮಚ: ಪ್ರತಿ ಸ್ವರಕ್ಕೂ ಹೆಚ್ಚುಕಮ್ಮಿ ಅದೇ ಚೂಪು ಏಟು. ಬೆರಳ ಚರ್ಮ ತಂತಿಗೆ ತಾಗಿದ್ರೆ ಸ್ವರ ಮೆತ್ತಗೆ ಹುಟ್ಟುತ್ತೆ. ಅದೇ ಬೆರಳಲ್ಲಿ ತಂತಿ ಮೇಲಕ್ಕೆಳೆದು ಬಿಟ್ರೆ, ಅದು ಹಲಗೆಗೆ ಬಡಿದು ಚಟ್! ಪಿಸುಮಾತೂ ಕೂಗೂ ಒಂದೇ ಕೈಯಲ್ಲಿ. ವುಲ್ಫ್ ಅವರ 'ಗೋಯಿಂಗ್ ಡೌನ್ ಸ್ಲೋ' ಹಾಡು ಕೇಳಿ. ವಿಲ್ಲಿ ಡಿಕ್ಸನ್ ಮಾತಾಡ್ತಾರೆ, ವುಲ್ಫ್ ಹಾಡ್ತಾರೆ, ಸಾಲು ಮುಗಿದು ಉಸಿರು ಎಳೆಯೋ ಸಂದಿಯಲ್ಲಿ ಗಿಟಾರ್ ಸರ್ರಂತ ಜಾರಿ ಬಂದು, ಏನೋ ಚಾಡಿ ಹೇಳಿ, ಮುಂದಿನ ಸಾಲಿಗೆ ಜಾಗ ಬಿಟ್ಟು ಹೋಗುತ್ತೆ. ನಾನು ಇದನ್ನ ಎಡಿಟಿಂಗ್ ಮಾಡ್ತಾ ಎಷ್ಟು ಸಲ ಹಿಂದಕ್ಕೆಳೆದೆ ಅಂದ್ರೆ, ವಿಡಿಯೋ ಒಂದು ದಿನ ತಡ.

(ಸಮಯ ನೋಡಿ) ಅಯ್ಯೋ. ಸರಿ, ಓಡೋಣ.

ನಡುವೆ ಇನ್ನೊಬ್ಬ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಬ್ಯಾಂಡಿಗೆ ಹಾರಿ, ಮತ್ತೆ ವುಲ್ಫ್ ಹತ್ರ ವಾಪಸ್. ವುಲ್ಫ್ ಹಾಡಿ ಹ್ಯೂಬರ್ಟ್ ನುಡಿಸಿದ 1964ರ 'ಕಿಲ್ಲಿಂಗ್ ಫ್ಲೋರ್' ಹಾಡನ್ನ 1967ರ ಮಾಂಟೆರೇ ಸಂಗೀತ ಉತ್ಸವದಲ್ಲಿ ಹೆಂಡ್ರಿಕ್ಸ್ ಮೊದಲಿಗೇ ಎತ್ತಿಕೊಂಡ್ರು. 1969ರಲ್ಲಿ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಅದಕ್ಕೇ 'ಲೆಮನ್ ಸಾಂಗ್' ಅಂತ ಹೊಸ ಬಟ್ಟೆ ತೊಡಿಸಿದ್ರು. 1976ರಲ್ಲಿ ವುಲ್ಫ್ ತೀರಿಕೊಂಡ್ರು. ಆಮೇಲೆ ಹ್ಯೂಬರ್ಟ್ ತಮ್ಮ ಹೆಸರಲ್ಲೇ ಆಲ್ಬಂ ಮಾಡಿದ್ರು, ಒಂದು ಶ್ವಾಸಕೋಶ ತೆಗೆಸಿಕೊಂಡ ಮೇಲೂ ನುಡಿಸಿದ್ರು. 2008ರಲ್ಲಿ ಬ್ಲೂಸ್ ದಿಗ್ಗಜರ ಗೌರವ ಪಟ್ಟಿ, ಬ್ಲೂಸ್ ಹಾಲ್ ಆಫ್ ಫೇಮ್ ಸೇರಿದ್ರು.

2011ರ ಡಿಸೆಂಬರ್ 4ಕ್ಕೆ ಹೋದ್ರು, 80 ವರ್ಷ. ಅಂತ್ಯಕ್ರಿಯೆ ಖರ್ಚು ಕೊಟ್ಟಿದ್ದು ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್.