ತೂತು ನೋಡಿ ತೀರ್ಮಾನ ಬೇಡ: ಗುಂಡೇಟು ತಿಂದ ಜಿಂಕೆಯ ಮರಣೋತ್ತರ ಪರೀಕ್ಷೆ

(ಚಿಕ್ಕಮಗಳೂರಿನಲ್ಲಿ ಪಶುವೈದ್ಯರು ಮತ್ತು ಅರಣ್ಯ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮುತ್ತೋಡಿ ಅಂಚಿನ ತೋಟದಲ್ಲೋ ಬಿಸಿಲೆ ಕಡೆಯ ಕಣಿವೆಯಲ್ಲೋ ಕಡವೆ ಸತ್ತು ಬಿದ್ದಿದೆ ಎಂದು ಸುದ್ದಿ ಬರುತ್ತದೆ. ಮೊದಲು ಗಾರ್ಡ್ ಹೋಗುತ್ತಾರೆ, ಆಮೇಲೆ ಫಾರೆಸ್ಟರು, ಹೊತ್ತು ಇಳಿಯುವಾಗ ಪಶುವೈದ್ಯರು. ಪಕ್ಕೆಯಲ್ಲಿ ಒಂದು ತೂತು ಕಾಣುತ್ತದೆ. ‘ಗುಂಡೇಟಿನಿಂದ ಸಾವು’ ಎಂದು ಬರೆದು, ಮಹಜರು ಮುಗಿಸಿ, ಹೆಣ ಸುಟ್ಟು ಬರುತ್ತೇವೆ. ಮುಂದೆ ಕೋರ್ಟಿನಲ್ಲಿ ವಕೀಲರು ಕೇಳುವುದು ಮೂರೇ ಪ್ರಶ್ನೆ. ಯಾವ ಬಗೆಯ ಕೋವಿ? ಎಷ್ಟು ದೂರದಿಂದ ಹೊಡೆದದ್ದು? ಈ ಗಾಯದಿಂದಲೇ ಸತ್ತಿತೆಂದು ಹೇಗೆ ಹೇಳುತ್ತೀರಿ? ಈ ಮೂರಕ್ಕೂ ಉತ್ತರ ಆ ಪ್ರಾಣಿಯ ಮೈಯೊಳಗೇ ಇತ್ತು. ನಾವು ತೆರೆದು ನೋಡಿರಲಿಲ್ಲ, ಅಷ್ಟೆ.

ಕಾನೂನಿನ ಮಾತು ನಿಮಗೆ ಗೊತ್ತಿರುವುದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. 39ನೇ ಸೆಕ್ಷನ್ ಪ್ರಕಾರ ಬೇಟೆಯಾದ ಪ್ರಾಣಿಯೂ ಜಪ್ತಿಯಾದ ಕೋವಿಯೂ ಸರ್ಕಾರದ ಸ್ವತ್ತು. ಬೆಳೆ ರಕ್ಷಣೆಗೆಂದು ತೋಟಗಾರರಿಗೆ ಕೊಟ್ಟ ಲೈಸೆನ್ಸು ಜಿಂಕೆ ಹೊಡೆಯಲು ಕೊಟ್ಟ ಅನುಮತಿಯಲ್ಲ. ಇನ್ನು ವಿಷಯಕ್ಕೆ ಬರೋಣ.

ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಕಾಣಸಿಗುವ ಆಯುಧ ಮುಖ್ಯವಾಗಿ ಮೂರು ಬಗೆ. ಒಂದು ಕೇಪಿನ ಕೋವಿ. ಬಾಯಿಂದ ಕರಿಮದ್ದು ಸುರಿದು, ನಾರು ಅಥವಾ ಚಿಂದಿ ಗಿಡಿದು, ಮೇಲೆ ಸೀಸದ ಗುಂಡು, ಚರೆ (ಕಾಳಿನಂಥ ಸಣ್ಣ ಗುಂಡುಗಳು), ಕೆಲವೊಮ್ಮೆ ಸೈಕಲ್ಲಿನ ಬಾಲ್ಸು, ಕಬ್ಬಿಣದ ಚೂರು ಹಾಕುತ್ತಾರೆ. ಇಂಥ ಸೊಟ್ಟ ಚೂರುಗಳು ಗಾಳಿಯಲ್ಲೇ ಪಲ್ಟಿ ಹೊಡೆಯುತ್ತ ವೇಗ ಕಳೆದುಕೊಳ್ಳುತ್ತವೆ. ಕಡವೆಯ ಹೆಗಲ ಹಲಗೆಗೆ ಬಡಿದರೆ ಅಲ್ಲೇ ನಿಲ್ಲುತ್ತವೆ, ಪ್ರಾಣಿ ಸಾಯುವುದಿಲ್ಲ, ಕೀವು ತುಂಬಿಕೊಂಡು ವಾರಗಟ್ಟಲೆ ಅಲೆಯುತ್ತದೆ. ಇಷ್ಟು ಹಿಂಸೆ ಕೊಡುವ ಆಯುಧ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಎರಡನೆಯದು 12 ಬೋರಿನ ತೋಟೆ (ಕಾರ್ಟ್ರಿಜ್) ಕೋವಿ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪವೋ ಅದೇ ಆ ನಳಿಗೆಯ ಅಳತೆ, ಸುಮಾರು 18.5 ಮಿಲಿಮೀಟರ್. ಇದರ ತೋಟೆಯಲ್ಲಿ ಒಂಟಿ ಗುಂಡೂ ಇರಬಹುದು, ಚರೆಯೂ ಇರಬಹುದು. ಜಿಂಕೆ, ಹಂದಿಗೆ ಬಳಸುವುದು ದಪ್ಪ ಚರೆ. ಅದರಲ್ಲಿ ಎಲ್‌ಜಿ ಎಂಬ ಗಾತ್ರದ್ದು ಔನ್ಸಿಗೆ 6, ಎಸ್‌ಜಿ ಎಂಬ ಗಾತ್ರದ್ದು ಔನ್ಸಿಗೆ 8. ಹಾಗಾಗಿ ಸಿಕ್ಕ ಚರೆಯನ್ನು ತೂಗಿ ನೋಡಿ. ನಾಲ್ಕೂಮುಕ್ಕಾಲು ಗ್ರಾಂ ಹತ್ತಿರ ಬಂದರೆ ಎಲ್‌ಜಿ, ಮೂರೂವರೆ ಹತ್ತಿರ ಬಂದರೆ ಎಸ್‌ಜಿ. ಮೂಳೆಗೆ ಬಡಿದು ಚಪ್ಪಟೆಯಾದರೂ ಚೂರು ಒಡೆದು ಹೋಗದಿದ್ದರೆ ತೂಕ ಬದಲಾಗುವುದಿಲ್ಲ. ಅಡ್ಡಗಲ ಅಳೆದು ಬರೆದ ವರದಿಗಿಂತ ತೂಕ ಬರೆದ ವರದಿ ಗಟ್ಟಿ.

ಮೂರನೆಯದು ರೈಫಲ್. ಇಲ್ಲಿ ವೇಗದ ಲೆಕ್ಕ ಬರುತ್ತದೆ. ಗುಂಡಿನ ಶಕ್ತಿ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ, ಆದರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಾಯಿಂಟ್ 22ರ (ಇಂಚಿನಲ್ಲಿ ಹೇಳುವ ಅಡ್ಡಗಲ) ಗುಂಡು 2.6 ಗ್ರಾಂ, ಸೆಕೆಂಡಿಗೆ 330 ಮೀಟರ್ ಎಂದಿಟ್ಟುಕೊಂಡರೆ ಸುಮಾರು 140 ಜೂಲ್. 12 ಬೋರಿನ 28 ಗ್ರಾಂ ಒಂಟಿ ಗುಂಡು 450 ಮೀಟರ್ ವೇಗದಲ್ಲಿ ಸುಮಾರು 2,800 ಜೂಲ್. ಪಾಯಿಂಟ್ 308ರ 9.7 ಗ್ರಾಂ ಗುಂಡು 860 ಮೀಟರ್ ವೇಗದಲ್ಲಿ ಸುಮಾರು 3,600 ಜೂಲ್. ಮೂರರಲ್ಲಿ ಒಳಗೆ ಅತಿ ಹೆಚ್ಚು ಹಾಳು ಮಾಡುವುದು 308, ಆದರೆ ಚರ್ಮದ ಮೇಲಿನ ತೂತು ದೊಡ್ಡದಾಗಿ ಕಾಣುವುದು 12 ಬೋರಿನದು. ಚರ್ಮ ಹಿಗ್ಗಿ ಕುಗ್ಗುವಂಥದ್ದು, ಗುಂಡು ಒಳಹೊಕ್ಕ ಮೇಲೆ ತೂತು ಗುಂಡಿಗಿಂತಲೂ ಕಿರಿದಾಗುವುದುಂಟು. ಅದಕ್ಕೇ ಹೇಳುವುದು, ಹೊರಗಿನ ತೂತು ಅಳೆದು ಕೋವಿ ಯಾವುದೆಂದು ಬರೆಯಬೇಡಿ.

ಬೇಟೆಗೆಂದೇ ಮಾಡಿದ ರೈಫಲ್ ಗುಂಡಿನ ತುದಿಯಲ್ಲಿ ಸೀಸ ಬಿಚ್ಚಿರುತ್ತದೆ, ಉಳಿದ ಮೈಗೆ ತಾಮ್ರದ ಕವಚ. ಮೈಗೆ ಬಡಿದೊಡನೆ ತುದಿ ಅಣಬೆಯ ಹಾಗೆ ಅರಳಿ ಒಂದೂವರೆಯಿಂದ ಎರಡು ಪಟ್ಟು ಅಗಲವಾಗುತ್ತದೆ. ವೇಗ ಸಾಲದಿದ್ದರೆ ಅರಳದೆ ಸೂಜಿಯಂತೆ ತೂರಿ ಹೋಗುತ್ತದೆ. ಹತ್ತಿರದಿಂದ ಮೂಳೆಗೆ ಬಡಿದರೆ ಪುಡಿಯಾಗುತ್ತದೆ. ಆ ಸೀಸದ ಪುಡಿ ಗುಂಡು ಹೋದ ದಾರಿಯಿಂದ ಒಂದಡಿಗೂ ದೂರ ಚದುರಿರುವುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಿಟ್ಟುಹೋದ ಕರುಳು, ಎದೆಗೂಡನ್ನು ತಿನ್ನುವ ಹದ್ದು, ನರಿಗಳ ಹೊಟ್ಟೆಗೆ ಹೋಗುವುದೂ ಅದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಎಂಬ ರಣಹದ್ದುಗಳು ಹೀಗೆ ಸೀಸ ತಿಂದು ಸಾಯುತ್ತಿದ್ದುದರಿಂದ, ಬೇಟೆ ಕಾನೂನುಬದ್ಧವಾಗಿರುವ ಆ ರಾಜ್ಯವೇ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಲ್ಲಿಸಿತು. ಕದ್ದ ಮಾಂಸ ತಿಂದವರ ಹೊಟ್ಟೆಗೂ ಈ ಪುಡಿ ಹೋಗಿರುತ್ತದೆ, ಅದನ್ನು ಊರಿನವರಿಗೆ ಹೇಳಿ.

ಈಗ ಪೆಟ್ಟು ಬಿದ್ದ ಜಾಗ. ಜಿಂಕೆಯ ಹೃದಯ ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಮುಂಗಾಲಿನ ಮೊಣಕೈ ಮಟ್ಟದಲ್ಲಿದೆ. ಅದರ ಸುತ್ತ, ಮೇಲೆ, ಹಿಂದೆ ಶ್ವಾಸಕೋಶ. ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ) ದಾಟಿದರೆ ಬಲಕ್ಕೆ ಲಿವರ್, ಎಡಕ್ಕೆ ಮೇವಿನ ದೊಡ್ಡ ಹೊಟ್ಟೆ. ಹೃದಯ ಒಡೆದ ಜಿಂಕೆ ನಿಂತಲ್ಲೇ ಬೀಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಹದಿನೈದು ಸೆಕೆಂಡಿಗೆ ಸಾಕು, ಅಷ್ಟರಲ್ಲಿ ಅದು ನೂರು ಮೀಟರ್ ದಾಟಿರಬಹುದು. ನಿಂತಲ್ಲೇ ಕುಸಿಯುವುದು ಮಿದುಳಿಗೆ ಅಥವಾ ಬೆನ್ನುಹುರಿಗೆ ಪೆಟ್ಟು ಬಿದ್ದಾಗ. ಹೆಗಲ ಮೇಲೆ ಬೆನ್ನುಮೂಳೆಯ ಉದ್ದ ಮುಳ್ಳುಗಳಿರುತ್ತವೆ, ಹುರಿ ಇರುವುದು ಅವುಗಳ ಬುಡದಲ್ಲಿ, ಬೆನ್ನಿನ ಗೆರೆಗಿಂತ ಸಾಕಷ್ಟು ಕೆಳಗೆ. ಆ ಮುಳ್ಳಿಗೆ ಗುಂಡು ತಾಗಿದರೆ ಪ್ರಾಣಿ ದಢಕ್ಕನೆ ಬಿದ್ದು, ಸ್ವಲ್ಪ ಹೊತ್ತಿಗೆ ಎದ್ದು ಓಡುತ್ತದೆ. ಹೊಟ್ಟೆಗೆ ತಾಗಿದ್ದು ಬೆನ್ನು ಬಗ್ಗಿಸಿಕೊಂಡು ನಡೆಯುತ್ತದೆ, ಸಾಯಲು ಗಂಟೆಗಟ್ಟಲೆ ಬೇಕು.

ರಾತ್ರಿ ಬ್ಯಾಟರಿ ಬೆಳಕಿಗೆ ಹೊಳೆಯುವ ಕಣ್ಣಿಗೆ ಗುರಿಯಿಟ್ಟು ಹೊಡೆಯುವವರದು ಇನ್ನೊಂದು ಬಗೆ. ಗುರಿ ನಾಲ್ಕು ಬೆರಳು ಕೆಳಗಾದರೆ ದವಡೆ ಮುರಿಯುತ್ತದೆ. ಆ ಜಿಂಕೆ ಮೇಯಲಾರದೆ ದಿನಗಟ್ಟಲೆ ಬಳಲಿ ಸಾಯುತ್ತದೆ. ಬಡಕಲಾಗಿ ಸತ್ತ ಜಿಂಕೆಯಲ್ಲಿ ಗಾಯ ಕಾಣಲಿಲ್ಲವೆಂದು ‘ರೋಗದಿಂದ ಸಾವು’ ಎಂದು ಬರೆಯುವ ಮೊದಲು ಬಾಯಿ ತೆರೆದು ದವಡೆ ಅಲುಗಾಡಿಸಿ ನೋಡಿ.

ಅಂದರೆ ಹೆಣ ಬಿದ್ದ ಜಾಗವೇ ಗುಂಡು ಹೊಡೆದ ಜಾಗವಲ್ಲ. ಗಾರ್ಡುಗಳ ಕೆಲಸ ಇಲ್ಲಿ ಡಾಕ್ಟರ ಕೆಲಸಕ್ಕಿಂತ ಮೊದಲಿನದು. ರಕ್ತದ ಜಾಡು ಹಿಡಿದು ಹಿಂದಕ್ಕೆ ಹೋಗಿ, ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯಿರಿ. ಕೆಂಪಗೆ ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಕಪ್ಪುಗೆಂಪಾಗಿದ್ದರೆ ಲಿವರ್, ಹಸಿರು ಮೇವಿನ ಚೂರು ಮತ್ತು ಹುಳಿ ವಾಸನೆ ಇದ್ದರೆ ಹೊಟ್ಟೆ. ಜಾಡು ಶುರುವಾಗುವಲ್ಲಿ ಕತ್ತರಿಸಿದ ಕೂದಲು ಉದುರಿರುತ್ತದೆ. ಖಾಲಿ ತೋಟೆ, ತೋಟೆಯೊಳಗಿನ ಪ್ಲಾಸ್ಟಿಕ್ ಅಥವಾ ಉಣ್ಣೆಯ ಬಿರಟೆ, ಸುಟ್ಟ ನಾರು ಸಿಗುವುದು ಅಲ್ಲಿಂದ ಕೋವಿ ಹಿಡಿದವನು ನಿಂತ ಕಡೆಗೆ. ಮಲೆನಾಡಿನಲ್ಲಿ ಒಂದು ಮಳೆ ಬಂದರೆ ಇದೆಲ್ಲ ಹೋಯಿತು, ಹಾಗಾಗಿ ಡಾಕ್ಟರು ಬರಲಿ ಎಂದು ಕಾಯಬೇಡಿ.

ಡಾಕ್ಟರೇ, ನೀವು ಬಂದ ಮೇಲೆ ಮೊದಲು ಕತ್ತರಿ ಮುಟ್ಟಬೇಡಿ, ನೀರನ್ನಂತೂ ಮುಟ್ಟಲೇಬೇಡಿ. ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೊ. ಸಾಧ್ಯವಿದ್ದರೆ ಪೋರ್ಟಬಲ್ ಎಕ್ಸ್‌ರೇ, ಪಕ್ಕದಿಂದ ಒಂದು, ಬೆನ್ನಿನಿಂದ ಹೊಟ್ಟೆಗೆ ಒಂದು. ಒಂದೇ ಕೋನದ ಚಿತ್ರದಿಂದ ಗುಂಡು ಎಷ್ಟು ಆಳದಲ್ಲಿದೆ ಗೊತ್ತಾಗದು. ಆಮೇಲೆ ಚರ್ಮ ಸುಲಿದು ಒಳಮೈ ನೋಡಿ. ತೂತಿನ ಸುತ್ತ ರಕ್ತ ಹೆಪ್ಪುಗಟ್ಟಿ ಮಾಂಸದೊಳಗೆ ಇಂಗಿದ್ದರೆ ಪೆಟ್ಟು ಬಿದ್ದದ್ದು ಜೀವವಿದ್ದಾಗ. ಕಾಗೆ, ಮುಂಗುಸಿ, ಹುಳು ಮಾಡಿದ ತೂತಿಗೆ ಹಾಗಿರುವುದಿಲ್ಲ. ಗುಂಡು ಒಳಹೋದ ಕಡೆ ಕೂದಲನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಪಕ್ಕೆಲುಬಿನ ತೂತು ಒಳಮಗ್ಗುಲಲ್ಲಿ ಅಗಲವಾಗಿರುತ್ತದೆ, ಹೊರಬಂದ ಕಡೆ ಇದು ತಿರುವುಮುರುವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಚರ್ಮದ ತೂತಿಗೂ ಪಕ್ಕೆಲುಬಿನ ತೂತಿಗೂ ತಾಳೆಯಾಗದೆ ಎರಡು ಮೂರು ಬೆರಳು ಸರಿದಿರುವುದನ್ನು ನೀವು ನೋಡಿರುತ್ತೀರಿ. ಎರಡು ಗುಂಡು ಎಂದು ಬರೆದುಬಿಡಬೇಡಿ. ಜಿಂಕೆ ಕಾಲು ಮುಂದಿಟ್ಟಾಗ ಹೆಗಲ ಚರ್ಮ, ಹಲಗೆ, ಅದರಡಿಯ ಮಾಂಸ ಎಲ್ಲ ಪಕ್ಕೆಲುಬಿನ ಮೇಲೆ ಜಾರುತ್ತವೆ. ಸುಲಿಯುವ ಮೊದಲು ಮುಂಗಾಲನ್ನು ಹಿಡಿದು ನಿಧಾನವಾಗಿ ಮುಂದೆ, ಹಿಂದೆ ಆಡಿಸಿ, ಮೆದುವಾದ ಪ್ಲಾಸ್ಟಿಕ್ ಕಡ್ಡಿಯನ್ನು ಒತ್ತದೆ ಇಳಿಯಬಿಡಿ. ಯಾವ ಭಂಗಿಯಲ್ಲಿ ಪದರಗಳ ತೂತೆಲ್ಲ ಒಂದೇ ಸಾಲಿಗೆ ಬರುತ್ತವೋ, ಗುಂಡು ತಾಗಿದಾಗ ಆ ಕಾಲು ಅಲ್ಲಿತ್ತು. ಮೇಯುತ್ತ ನಿಂತಿತ್ತೋ, ಹೆಜ್ಜೆ ಹಾಕುತ್ತಿತ್ತೋ, ಹಾರುತ್ತಿತ್ತೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹೆಣ ಸೆಟೆದಿದ್ದರೆ ಒತ್ತಾಯ ಮಾಡದೆ ಸೆಡವು ಬಿಡುವವರೆಗೆ ಕಾಯಬೇಕು.

ಮರದ ಅಟ್ಟಣೆಯಿಂದ ಹೊಡೆದದ್ದೋ ನೆಲದಿಂದಲೋ ಎಂದು ಅಂದಾಜಿಸಲು ಎರಡು ಅಳತೆ ಸಾಕು. ಎದೆಯ ಅಗಲ 25 ಸೆಂಟಿಮೀಟರ್, ಒಳಹೋದ ತೂತು ಹೊರಬಂದದ್ದಕ್ಕಿಂತ 10 ಸೆಂಟಿಮೀಟರ್ ಮೇಲಿದೆ ಎನ್ನಿ. 10ನ್ನು 25ರಿಂದ ಭಾಗಿಸಿದರೆ 0.4. ಪ್ರಾಣಿಯಿಂದ 10 ಮೀಟರ್ ದೂರದಲ್ಲಿರುವ ಮರವಾದರೆ ಕೋವಿಯ ಬಾಯಿ ಗಾಯದ ಮಟ್ಟಕ್ಕಿಂತ 4 ಮೀಟರ್ ಮೇಲಿರಬೇಕು. ಗುಂಡು ಪಕ್ಕಕ್ಕೆ ನೇರವಾಗಿ ಹೋಗಿದ್ದರೆ, ಮೂಳೆಗೆ ಬಡಿದು ಹೊರಳದಿದ್ದರೆ, ನೆಲ ಸಮವಾಗಿದ್ದರೆ ಮಾತ್ರ ಈ ಲೆಕ್ಕ. ನಮ್ಮ ಇಳಿಜಾರು ತೋಟಗಳಲ್ಲಿ ಇಳಿಜಾರನ್ನೂ ಅಳೆದು ಸೇರಿಸಿ.

ಚರೆಯಾದರೆ ಹರಡಿದ ಅಗಲ ದೂರ ಹೇಳುತ್ತದೆ. ಮೀಟರಿಗೆ ಎರಡೂವರೆ ಸೆಂಟಿಮೀಟರ್ ಎಂಬ ಮಾತು ಒರಟು ಅಂದಾಜು. ನಳಿಗೆ ಬದಲಾದರೆ ಹರಡುವಿಕೆಯೂ ಬದಲಾಗುತ್ತದೆ. ಅದೇ ಕೋವಿ, ಅದೇ ತೋಟೆಯಲ್ಲಿ ಪ್ರಯೋಗಾಲಯದವರು ಹೊಡೆದು ನೋಡಿ ಹೇಳಬೇಕಾದ್ದು. ನೀವು ಬರೆಯಬೇಕಾದ್ದು ಎಷ್ಟು ತೂತು, ಅತಿ ದೂರದ ಎರಡರ ನಡುವೆ ಎಷ್ಟು ಅಂತರ, ಅಷ್ಟೆ.

ಗುಂಡು ಹೊರಬರದಿದ್ದರೆ ಎದುರು ಪಕ್ಕೆಯ ಚರ್ಮದಡಿ ಬೆರಳಾಡಿಸಿ. ಮೈಯೆಲ್ಲ ತೂರಿ ಬಂದ ಗುಂಡನ್ನು ಕೊನೆಗೆ ತಡೆಯುವುದು ಆ ಹಿಗ್ಗುವ ಚರ್ಮವೇ. ಸಿಕ್ಕರೆ ಬೆರಳಿನಿಂದ ಅಥವಾ ತುದಿಗೆ ರಬ್ಬರ್ ಹಾಕಿದ ಚಿಮ್ಮಟದಿಂದ ತೆಗೆಯಿರಿ. ಬರಿಯ ಚಿಮ್ಮಟ ಎಳೆದ ಗೀರು, ನಳಿಗೆಯಲ್ಲಿ ಹಾದು ಬರುವಾಗ ಗುಂಡಿನ ಮೇಲೆ ಬಿದ್ದ ಗೀರನ್ನು ಅಳಿಸುತ್ತದೆ, ಆಮೇಲೆ ಯಾವ ರೈಫಲಿಗೂ ಅದನ್ನು ತಾಳೆ ನೋಡಲಾಗದು. ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಲೋಹ ಕೆಡುತ್ತದೆ. ಗುರುತು ಡಬ್ಬಿಯ ಮೇಲೆ ಬರೆಯಿರಿ, ಗುಂಡಿನ ಮೇಲಲ್ಲ. ಗಾಯದ ಸುತ್ತ ಹತ್ತು ಸೆಂಟಿಮೀಟರ್ ಬಿಟ್ಟು ಚರ್ಮ ಕತ್ತರಿಸಿ, ತಲೆಯ ಕಡೆಗೆ ಒಂದು ದಾರ ಕಟ್ಟಿ, ರಟ್ಟಿಗೆ ಪಿನ್ ಹೊಡೆದು ಫ್ಯಾನಿನ ಕೆಳಗೆ ಒಣಗಿಸಿ. ಕೂದಲ ಬುಡದಲ್ಲಿ ಕೂತ ಮದ್ದಿನ ಮಸಿ, ತೂತಿನ ಅಂಚಿನ ಸೀಸ ಅದರಲ್ಲಿ ಪತ್ತೆಯಾಗುತ್ತದೆ. ಸೋಡಿಯಂ ರೋಡಿಜೊನೇಟ್ ಎಂಬ ರಾಸಾಯನಿಕ ಹಾಕಿದರೆ ಸೀಸ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇದೆಲ್ಲವನ್ನೂ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವಾಗ ಜೊತೆಗಿಡುವ ಪತ್ರದಲ್ಲಿ ‘ಪರೀಕ್ಷಿಸಿ ವರದಿ ನೀಡಿ’ ಎಂದಷ್ಟೇ ಬರೆದರೆ ಬರುವ ಉತ್ತರವೂ ಅಷ್ಟೇ ಮೊಟಕಾಗಿರುತ್ತದೆ. ಈ ಗುಂಡು ಜಪ್ತಿಯಾದ ಈ ಕೋವಿಯಿಂದ ಹೊರಟಿದೆಯೇ, ಈ ಚರ್ಮದ ತುಂಡಿನಲ್ಲಿ ಮದ್ದು ಮತ್ತು ಸೀಸ ಇವೆಯೇ, ಇದೇ ತೋಟೆಯಲ್ಲಿ ಚರೆ ಇಷ್ಟು ಅಗಲ ಹರಡಲು ಎಷ್ಟು ದೂರ ಬೇಕು ಎಂದು ಒಂದೊಂದಾಗಿ ಕೇಳಿ. ಒಂದೊಂದು ಪ್ರಶ್ನೆಯ ಎದುರಿಗೂ ಸೀಲ್ ಮಾಡಿದ ಡಬ್ಬಿಯ ನಂಬರು ಬರೆಯಿರಿ, ಮಹಜರಿನಲ್ಲೂ ಅದೇ ನಂಬರು ಇರಲಿ.